ಹರಿಗೋಲಿನ ಬುದ್ಧಿ, ಹಡಗಿನ ಪಯಣ

ನಮ್ಮ ಸೀಮೆಯವರು ನೀರಿನ ಮಾತು ಬಂದರೆ ಮೊದಲು ಮುಗಿಲು ನೋಡುತ್ತಾರೆ. ಶಾಸನಗಳಲ್ಲಿ ಕೋಗಳಿ-500 ಎಂದು ಕರೆಸಿಕೊಂಡ ನಾಡು ಇದು. ಈಗಿನ ಲೆಕ್ಕದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಜೋಳ, ಸಜ್ಜೆ, ನವಣೆ, ಶೇಂಗಾ ಬೆಳೆಯುವ ನೆಲ. ಮಳೆ ಬಂದರೆ ಸುಗ್ಗಿ, ಕೈಕೊಟ್ಟರೆ ಗುಳೆ. ಹಡಗಲಿ ಕಡೆಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ ಅನ್ನುವುದು ಬಿಟ್ಟರೆ, ಉಳಿದವರಿಗೆ ಕೆರೆ ತುಂಬಿದ್ದೇ ದೊಡ್ಡ ನೀರು. ಸಮುದ್ರ ಅನ್ನುವುದು ಶಾಲೆಯ ನಕಾಶೆಯಲ್ಲಿ ಬಳಿದ ನೀಲಿ ಬಣ್ಣ, ಅಷ್ಟೇ. ಇಂಥ ಊರಿನಿಂದ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಯವರು ಹಡಗು ಹತ್ತಿದರು. ಅದಕ್ಕಾಗಿ ತಿಂಗಳುಗಟ್ಟಲೆ ನಡೆದ ತಯಾರಿಯನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಯಾವ ವರ್ಷ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗೋವೆಯ ಜುವಾರಿ ಹೊಳೆಗೆ ಇನ್ನೂ ಸೇತುವೆ ಆಗಿರಲಿಲ್ಲ. ನಮ್ಮೂರು ಕೊಟ್ಟೂರಿನಿಂದ ಹೊಸಪೇಟೆಗೆ ಮೀಟರ್ ಗೇಜಿನ ಉಗಿಬಂಡಿ ಓಡುತ್ತಿತ್ತು. ನಾನು ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಮುಗಿಸಿದ್ದೆ. ನನ್ನ ತಂಗಿಗೆ ಆಗಷ್ಟೇ ಮುಂದಿನ ಹಲ್ಲು ಬಿದ್ದಿದ್ದವು. ತಮ್ಮನಿಗೆ ಮೂರು ತುಂಬಿತ್ತು. ಸಣ್ಣವ್ವನ ಕೂಸು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿತ್ತು. ನನಗೆ ಕಾಲದ ಗುರುತು ಇಷ್ಟೇ.

ಎಲ್ಲ ಶುರುವಾದದ್ದು ಆ ಕೂಸಿನಿಂದಲೇ. ಅಪ್ಪನ ತಮ್ಮ ಸಣ್ಣಪ್ಪ ಮುಂಬೈಯ ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಮನೆ ಸಿಗುವುದು ಕಷ್ಟ ಅಂತ ಹೆಂಡತಿ, ಕೂಸನ್ನು ಊರಲ್ಲೇ ಬಿಟ್ಟಿದ್ದ. ಸಂಕ್ರಾಂತಿಯ ಸುಮಾರಿಗೆ ಕಾಗದ ಬಂತು: ಪರೇಲಿನಲ್ಲಿ ಒಂದು ಖೋಲಿ ಸಿಕ್ಕಿದೆ, ಬೇಸಿಗೆ ರಜೆಯಲ್ಲಿ ಕರೆದುಕೊಂಡು ಬನ್ನಿ. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ರಜೆ ಅಂದರೆ ಅಪ್ಪನಿಗೂ ರಜೆ. ಕಾಗದವನ್ನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದ. ಅಜ್ಜಿ ತಾನೂ ಬರುತ್ತೇನೆ ಅಂದಳು. ಅಜ್ಜಿ ಬಂದರೆ ಮಕ್ಕಳನ್ನು ಬಿಟ್ಟು ಹೋಗುವುದು ಯಾರ ಹತ್ತಿರ? ಹಾಗೆ ನಾವೂ ಸೇರಿಕೊಂಡೆವು.

ರೈಲಿನಲ್ಲಿ ಹೋಗುವುದಾದರೆ ಹುಬ್ಬಳ್ಳಿಯಿಂದ ಮೀರಜ್ ತನಕ ಮೀಟರ್ ಗೇಜ್. ಅಲ್ಲಿ ಅಗಲ ಹಳಿಯ ಗಾಡಿಗೆ ಬದಲಾಯಿಸಬೇಕು. ಟ್ರಂಕು, ಹಾಸಿಗೆ ಸುರುಳಿ, ನಿದ್ದೆಗಣ್ಣಿನ ಮಕ್ಕಳು, ನೂಕುನುಗ್ಗಲಿನ ಬೋಗಿ. ಅವ್ವ ಅದನ್ನು ನೆನೆದೇ ನಿಟ್ಟುಸಿರು ಬಿಟ್ಟಳು. ಕಾಗದದ ಹಿಂಬದಿಯಲ್ಲಿ ಸಣ್ಣಪ್ಪ ಇನ್ನೊಂದು ದಾರಿ ಬರೆದಿದ್ದ. ಪಣಜಿಯಿಂದ ಮುಂಬೈಗೆ ಹಡಗು ಬರುತ್ತದೆ. ಬೆಳಿಗ್ಗೆ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯುವುದು. ಡೆಕ್ಕಿನ ಮೇಲೆ ಕಂಬಳಿ ಹಾಸಿ ಮಲಗಬಹುದು, ಮಕ್ಕಳು ಕಾಲು ಚಾಚಬಹುದು, ನಡುವೆ ಎಲ್ಲೂ ಇಳಿದು ಹತ್ತುವ ಗೋಜಿಲ್ಲ. ಮೊಘಲ್ ಲೈನ್ ಅನ್ನುವ ಕಂಪನಿಯ ಹಡಗುಗಳು ಅವು. ಕೊಂಕಣ ಸೇವಕ, ಕೊಂಕಣ ಶಕ್ತಿ ಅಂತ ಎರಡು ಹೆಸರು. ನಾವು ಹತ್ತಿದ್ದು ಶಕ್ತಿ ಅಂತ ನಾನು ಅನ್ನುತ್ತೇನೆ, ಸೇವಕ ಅಂತ ತಂಗಿ ಇವತ್ತಿಗೂ ವಾದಿಸುತ್ತಾಳೆ. ಇಬ್ಬರಲ್ಲಿ ಯಾರ ಬಳಿಯೂ ಟಿಕೆಟ್ಟಿನ ಚೂರು ಉಳಿದಿಲ್ಲ.

ಹಡಗಿನ ಸುದ್ದಿ ಓಣಿಯಲ್ಲಿ ಹಬ್ಬಿದ್ದೇ ತಡ, ಒಬ್ಬೊಬ್ಬರೇ ಬಂದು ಕಟ್ಟೆಯ ಮೇಲೆ ಕೂರತೊಡಗಿದರು. ಯಾರೋ ಒಬ್ಬ ಹಿರಿಯರು ರಾಮದಾಸ ಹಡಗಿನ ಹಳೆಯ ಸುದ್ದಿ ತೆಗೆದರು. 1947ರ ಜುಲೈ ತಿಂಗಳಲ್ಲಿ, ಮಳೆಗಾಲದ ಸಮುದ್ರದಲ್ಲಿ, ಮುಂಬೈಯಿಂದ ರೇವಸ್‌ಗೆ ಹೊರಟಿದ್ದ ರಾಮದಾಸ ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಕೇಳಿದ ಅವ್ವ ಎದ್ದು ಒಳಗೆ ಹೋದಳು. ಒಲೆಯ ಮುಂದಿನಿಂದಲೇ ಹೇಳಿದಳು:

"ಕೈಗೂಸು ಕಟಿಗೊಂಡು ಒಂದು ಹಗಲು ಒಂದು ರಾತ್ರಿ ನೀರಿನ ಮ್ಯಾಲ ಇರಾದು ನನ್ ಕೈಲೆ ಆಗಂಗಿಲ್ಲ."

ಅಪ್ಪ ವಾದಕ್ಕಿಳಿಯಲಿಲ್ಲ. ಅವನ ಸ್ವಭಾವವೇ ಹಾಗೆ. ಯಾರಾದರೂ ಹೆದರಿದರೆ ಹೆದರಬೇಡ ಅನ್ನುತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳಿ ಬರುತ್ತೇನೆ ಅನ್ನುತ್ತಿದ್ದ. ಆ ಸಂಜೆ ನನ್ನ ಕೈಹಿಡಿದುಕೊಂಡು ಹಾಜಿ ಅಜ್ಜನ ಮನೆಗೆ ಹೊರಟ.

ಹಾಜಿ ಅಜ್ಜ ನಮ್ಮ ದರ್ಜಿ ಸಾಬರ ತಂದೆ. ಇಡೀ ಓಣಿಯಲ್ಲಿ ಹಡಗು ಹತ್ತಿ ಇಳಿದವರು ಅವರೊಬ್ಬರೇ. ಪಣಜಿಯ ಹಡಗು ಯಾವ ಕಂಪನಿಯದೋ ಅದೇ ಮೊಘಲ್ ಲೈನಿನ ಹಡಗಿನಲ್ಲಿ ಅವರು ಮುಂಬೈಯಿಂದ ಜೆಡ್ಡಾಕ್ಕೆ ಹೋಗಿ ಹಜ್ ಮಾಡಿ ಬಂದಿದ್ದರು. ಆಗ ನಮ್ಮ ಕಡೆಯ ಹಾಜಿಗಳು ಸಮುದ್ರ ದಾಟುತ್ತಿದ್ದದ್ದೇ ಹಾಗೆ. ಅಕ್ಬರ್, ಮೊಹಮ್ಮದಿ ಅಂತ ಹಡಗುಗಳ ಹೆಸರನ್ನು ಅವರು ನೆಂಟರ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು. ಚಹಾ ಬಸಿಯಲ್ಲಿ ಸುರಿದು, ಊದಿ, ಕಣ್ಣು ಮುಚ್ಚಿ ಕುಡಿಯುವ ಮನುಷ್ಯ. ಬಸಿ ಖಾಲಿಯಾಗುವ ತನಕ ಬಾಯಿ ಬಿಡರು. ಆ ಸಂಜೆ ಅಪ್ಪ ಪೇಟೆಯಿಂದ ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿದ್ದ.

ಬಸಿ ಕೆಳಗಿಟ್ಟು ಅವರು ಹೇಳಿದ್ದು ನನಗೆ ಹೆಚ್ಚುಕಡಿಮೆ ಬಾಯಿಪಾಠವಾಗಿದೆ.

"ಮೇಷ್ಟ್ರೇ, ಹಡಗಿನ ನಡುಮಧ್ಯ ಜಾಗ ಹಿಡೀರಿ. ಮುಂದಿನ ತುದಿ ಬ್ಯಾಡ, ಹಿಂದಿನ ತುದಿನೂ ಬ್ಯಾಡ. ತುದಿ ಏರ್ತೈತಿ, ಇಳೀತೈತಿ. ನಡು ಅಷ್ಟು ಕುಣಿಯಂಗಿಲ್ಲ. ಮಕ್ಕಳ ಹೊಟ್ಟಿ ಖಾಲಿ ಇಡಬ್ಯಾಡ್ರಿ, ಬಿಗಿಯಂಗ ತುಂಬಿಸಲೂ ಬ್ಯಾಡ್ರಿ. ಒಣದು ಕೊಡ್ರಿ, ಸ್ವಲ್ಪ ಸ್ವಲ್ಪ ಕೊಡ್ರಿ. ತಲಿ ತಿರುಗಿದ್ರ ದೂರದಾಗ ನೀರು ಮುಗಿಲು ಕೂಡೋ ಗೆರಿ ನೋಡಾಕ ಹೇಳ್ರಿ. ಮಳಿಗಾಲ ಹತ್ರ ಬರೋತನಕ ಕಾಯಬ್ಯಾಡ್ರಿ, ಸಮುದ್ರ ಶಾಂತ ಇದ್ದಾಗ ಹೋಗಿಬಿಡ್ರಿ."

ಕೊನೆಯ ಮಾತನ್ನು ಅಪ್ಪ ಆಗಲೇ ಲೆಕ್ಕ ಹಾಕಿಟ್ಟಿದ್ದ. ಮಳೆಗಾಲ ಹಿಡಿದರೆ ಈ ಹಡಗುಗಳು ಓಡುತ್ತಿರಲಿಲ್ಲ. ಸಮುದ್ರ ಕೆರಳುವ ಜೂನ್ ತಿಂಗಳಿಂದ ಮಳೆ ಕಡಿಮೆಯಾಗುವ ತನಕ ದಡದಲ್ಲೇ ವಿಶ್ರಾಂತಿ. ಮೇ ತಿಂಗಳ ಕೊನೆಗೇ ಅಲೆ ಏಳಲು ಶುರುವಾಗುತ್ತದೆ. ಹಾಗಾಗಿ ಯುಗಾದಿ ಮುಗಿಸಿ, ಪರೀಕ್ಷೆ ಮುಗಿಸಿ, ಏಪ್ರಿಲ್‌ನಲ್ಲೇ ಹೊರಡುವುದು ಅಂತ ತೀರ್ಮಾನವಾಯಿತು. ರಾಮದಾಸ ಮುಳುಗಿದ್ದು ಮಳೆಗಾಲದಲ್ಲಿ, ನಾವು ಹೋಗುವುದು ಬೇಸಿಗೆಯಲ್ಲಿ. ಇದನ್ನು ಅಪ್ಪ ಹೇಳಿದಾಗ ಅವ್ವ ಏನೂ ಅನ್ನಲಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ಮೊದಲಿನ ಹದಕ್ಕೆ ಬಂತು.

ಇಷ್ಟೆಲ್ಲ ನಡೆಯುವಾಗ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಸುಮ್ಮನೆ ಕೂತಿದ್ದಳು. ಅವಳ ತವರು ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿ. ವಿಜಯನಗರದ ಕಾಲದಲ್ಲಿ ಹಡಗಲಿಯ ಹೂವು ಹೊಳೆಯ ಮೇಲೆಯೇ ಹಂಪಿಗೆ ಹೋಗುತ್ತಿತ್ತಂತೆ. ಆ ಕತೆಯನ್ನು ಅಜ್ಜಿ ತನ್ನ ಮನೆಯ ಹಿತ್ತಲಿನಿಂದಲೇ ಹೂ ಹೋಗಿತ್ತೇನೋ ಅನ್ನುವ ಹಾಗೆ ಹೇಳುತ್ತಿದ್ದಳು. ಮಲ್ಲಿಗೆ ಮೊಗ್ಗು ಕಂಡರೆ ಇವತ್ತಿಗೂ ನನಗೆ ಅವಳ ತುರುಬೇ ಕಣ್ಣ ಮುಂದೆ ಬರುತ್ತದೆ. ಸಮುದ್ರ ನೋಡಿದವಳಲ್ಲ. ಆದರೆ ಹುಡುಗಿಯಾಗಿದ್ದಾಗಿನಿಂದ ಹರಿಗೋಲಿನಲ್ಲಿ ಹೊಳೆ ದಾಟಿದವಳು. ಆಚೆ ದಂಡೆಯ ಸಂತೆ, ಮದುವೆ, ಬಾಣಂತನ ಎಲ್ಲಕ್ಕೂ ಅವಳಿಗೆ ಹರಿಗೋಲೇ ಗಾಡಿ.

"ಹಡಗು ಅಂದ್ರ ಹರಿಗೋಲಿನ ಮುತ್ತಜ್ಜ ಇದ್ದಂಗ," ಅಂದಳು ಕೊನೆಗೆ. "ಮೊಮ್ಮಗನ್ನ ಮೊದಲು ಮಾತಾಡಿಸಿ ಆಮ್ಯಾಲೆ ಮುತ್ತಜ್ಜನ ಹತ್ರ ಹೋಗಾಣು."

ಹಾಗೆ ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೋದಾಗ ನಮ್ಮನ್ನೆಲ್ಲ ಎತ್ತಿನ ಬಂಡಿಯಲ್ಲಿ ತವರಿಗೂ ಒಯ್ದಳು. ಜಾತ್ರೆಯ ಕತೆ ಹೇಳಹೊರಟರೆ ರಾತ್ರಿ ಸಾಲದು. ಲಕ್ಷಾಂತರ ಜನ, ಕಂಬಳಿಯ ಗೊರವರು, ಹಳದಿ ಭಂಡಾರ, ಏಳುಕೋಟಿ ಅನ್ನುವ ಕೂಗು. ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ಸದ್ದಲೇ ಅಂದ ಕೂಡಲೇ ಆ ಸಾಗರದಷ್ಟು ಜನ ಉಸಿರು ಬಿಗಿಹಿಡಿದು ನಿಂತುಬಿಡುವುದು. ಗೊರವಯ್ಯನ ಭವಿಷ್ಯದ ನುಡಿ, ಕಾರಣಿಕ, ಆ ವರ್ಷ ಏನಾಯಿತೋ ಮರೆತಿದ್ದೇನೆ. ಮಳೆ ಬೆಳೆ ಚೆನ್ನಾಗಿದೆ ಅಂತ ಹಿರಿಯರು ಅರ್ಥ ಮಾಡಿಕೊಂಡು ಸಮಾಧಾನದಿಂದ ಬುತ್ತಿ ಬಿಚ್ಚಿದ್ದು ನೆನಪಿದೆ.

ಮರುದಿನ ಹೊಳೆಗೆ ಹೋದೆವು. ಮಾಘದ ಬೆಳಗು, ನೀರಿನ ಮೇಲೆ ಸಣ್ಣ ಮಂಜು. ಬಿದಿರು ಹೆಣೆದು, ಹೊರಗೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲು. ಮುಂದು ಹಿಂದು ಅನ್ನುವುದೇ ಇಲ್ಲದ ಅದಕ್ಕೆ ಎತ್ತ ಹುಟ್ಟು ಹಾಕಿದರೆ ಅತ್ತ ಮುಖ. ಅಂಬಿಗ ಅಜ್ಜಿಗೆ ತವರ ಕಡೆಯ ಪರಿಚಯ, ಅಕ್ಕ ಅಂತಲೇ ಮಾತಾಡಿಸುತ್ತಿದ್ದ. ಹತ್ತಿಸುವ ಮೊದಲು ದಂಡೆಯ ಮೇಲೆ ನಮ್ಮನ್ನು ಕುಕ್ಕರಗಾಲಲ್ಲಿ ಕೂರಿಸಿ ಕಟ್ಟಳೆ ಹೇಳಿದ. ಮಕ್ಕಳು ನಡುವೆ, ದೊಡ್ಡವರು ಸುತ್ತ. ಏನೇ ಕಂಡರೂ ಎಲ್ಲರೂ ಒಂದೇ ಕಡೆ ಬಾಗಬಾರದು. ನಡುನೀರಲ್ಲಿ ಏಳಬಾರದು. ದಂಡೆ ಮುಟ್ಟಿತು ಅಂತ ಜಿಗಿಯಬಾರದು, ಹರಿಗೋಲು ಕಟ್ಟಿ ಅಂಬಿಗ ಹ್ಞೂಂ ಅಂದಮೇಲೆ ಒಬ್ಬೊಬ್ಬರೇ ಇಳಿಯಬೇಕು. ಅಜ್ಜಿ ಅದಕ್ಕೆ ತನ್ನದೊಂದು ಸೇರಿಸಿದಳು: ಒಂದು ಮಗುವಿಗೆ ಒಂದು ದೊಡ್ಡ ಕೈ. ಎರಡು ಮಕ್ಕಳಿಗೆ ಒಬ್ಬರು ಅಂತ ಲೆಕ್ಕ ಹಾಕಿದರೆ ನೀರಿಗೆ ಒಪ್ಪಿಗೆಯಿಲ್ಲ.

ನಡುಹೊಳೆಯಲ್ಲಿ ಅಂಬಿಗ ಬೇಕೆಂದೇ ಹರಿಗೋಲನ್ನು ಗಿರಗಿರ ತಿರುಗಿಸಿದ. ಅಜ್ಜಿಯೇ ಸನ್ನೆ ಮಾಡಿದ್ದಳು. ಯಾರ ಹೊಟ್ಟೆ ತೊಳೆಸುತ್ತದೆ ನೋಡಬೇಕಿತ್ತು ಅವಳಿಗೆ. ತಮ್ಮ ಹೋ ಅಂತ ಅತ್ತ. ತಂಗಿ ಇನ್ನೊಮ್ಮೆ ತಿರುಗಿಸಿ ಅಂತ ಕುಣಿದಳು, ಮಧ್ಯೆ ಎದ್ದು ನಿಂತದ್ದಕ್ಕೆ ಬೈಸಿಕೊಂಡಳು. ನಾನು ಬಿದಿರಿನ ಅಂಚು ಬಿಗಿಯಾಗಿ ಹಿಡಿದಿದ್ದೆ. ಕೂಸು ಸಣ್ಣವ್ವನ ಮಡಿಲಲ್ಲಿ ನಿದ್ದೆ ಮಾಡಿತು. ತಮ್ಮನ ಕಡೆ ಗಮನ ಬೇಕು, ತಂಗಿಯದು ಚಿಂತೆಯಿಲ್ಲ ಅಂತ ಅಜ್ಜಿ ತೀರ್ಪು ಕೊಟ್ಟಳು.

ಮೈಲಾರ ಮುಗಿಯುತ್ತಿದ್ದಂತೆ ನಮ್ಮೂರ ಗುರು ಕೊಟ್ಟೂರೇಶ್ವರನ ತೇರು. ಜಾತ್ರೆಯಲ್ಲಿ ಮಕ್ಕಳು ತಪ್ಪಿಸಿಕೊಳ್ಳುವುದು, ಮೈಕಿನಲ್ಲಿ ಅಂಗಿಯ ಬಣ್ಣ ಹೇಳಿ ಕೂಗುವುದು ಪ್ರತಿ ವರ್ಷದ ಮಾತು. ಆ ಸಲ ಅವ್ವ ಅದನ್ನು ಕಿವಿಗೊಟ್ಟು ಕೇಳಿದಳು. ಮರುವಾರ ದರ್ಜಿ ಸಾಬರಲ್ಲಿಗೆ ಹೋಗಿ ಒಂದೇ ತಾನಿನ ಕೆಂಪು ಬಟ್ಟೆಯಲ್ಲಿ ನಾಲ್ಕೂ ಮಕ್ಕಳಿಗೆ ಹೊಲಿಯಲು ಕೊಟ್ಟಳು. ನನಗೂ ತಮ್ಮನಿಗೂ ಅಂಗಿ, ತಂಗಿಗೆ ಲಂಗ, ಕೂಸಿಗೆ ಕುಲಾವಿ ಸಮೇತ ಜುಬ್ಬ. ಒಳಮಗ್ಗುಲಿಗೆ ಬಿಳಿ ಬಟ್ಟೆಯ ತುಂಡು ಹೊಲಿಸಿ ಅದರ ಮೇಲೆ ಸಣ್ಣಪ್ಪನ ವಿಳಾಸವನ್ನು ನೂಲಿನಲ್ಲಿ ತಾನೇ ಹೆಣೆದಳು. ಹೆದರಿದ್ದವಳು ಅವಳೇ, ಎಲ್ಲರಿಗಿಂತ ಮುಂದೆ ತಯಾರಾದವಳೂ ಅವಳೇ.

ಬುತ್ತಿಯ ತಯಾರಿ ಅಜ್ಜಿಯದು. ಯುಗಾದಿಯ ಬೇವು ಬೆಲ್ಲ ಮುಗಿದ ಮೇಲೆ ಮನೆಯಲ್ಲಿ ಹೊಗೆಯಾಡದ ಹೊತ್ತಿರಲಿಲ್ಲ. ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣ್ಣೆ ಹಚ್ಚಿ ಹುರಿದ ಮಂಡಕ್ಕಿ. ಕೂಸಿಗೆ ಅಳ್ಳಿಟ್ಟು, ಹುರಿದ ಹೆಸರುಬೇಳೆಯ ಹಿಟ್ಟು. ಬಿಸಿನೀರು ಸಿಕ್ಕರೆ ಸಾಕು, ಕಲಸಿ ಕೊಡಬಹುದು. ಹಾಲು ಯಾಕಿಲ್ಲ ಅಂತ ಸಣ್ಣವ್ವ ಕೇಳಿದ್ದಕ್ಕೆ, ಏಪ್ರಿಲ್ ಬಿಸಿಲಿಗೆ ಹಾಲು ಹುಬ್ಬಳ್ಳಿ ಮುಟ್ಟುವುದರೊಳಗೆ ಒಡೆಯುತ್ತದೆ ಅಂದಳು. ಹೊಟ್ಟೆ ತೊಳೆಸಿದರೆ ಅಂತ ನಿಂಬೆಹಣ್ಣು, ಒಣಶುಂಠಿ, ಜೊತೆಗೆ ಚಿಗಳಿ. ಹುಣಸೆಹಣ್ಣು, ಜೀರಿಗೆ, ಬೆಲ್ಲ, ಉಪ್ಪು, ಒಂದಿಷ್ಟು ಖಾರ ಹಾಕಿ ಕುಟ್ಟಿ, ಉಂಡೆ ಮಾಡಿ ಕಡ್ಡಿಗೆ ಚುಚ್ಚಿದ ಚಿಗಳಿ. ಹೊರಡುವ ಮುಂಚೆಯೇ ಎಷ್ಟು ಕದ್ದು ತಿಂದೆವೋ. ಅಜ್ಜಿ ಅದನ್ನು ಎಣಿಸಿಯೇ ಹೆಚ್ಚು ಕುಟ್ಟಿರಬೇಕು.

ಹೊರಟ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಹಗರಿಬೊಮ್ಮನಹಳ್ಳಿ ದಾಟಿ ಮರಿಯಮ್ಮನಹಳ್ಳಿ ಸಮೀಪಿಸಿದಾಗ ತುಂಗಭದ್ರಾ ಡ್ಯಾಮಿನ ಹಿನ್ನೀರು ಕಂಡಿತು. ಅಜ್ಜಿ ಕಿಟಕಿಯ ಕಡೆ ತಿರುಗಿ ಕೈ ಮುಗಿದಳು. ಡ್ಯಾಮು ಕಟ್ಟಿದಾಗ ಹಳೆಯ ನಾರಾಯಣದೇವರಕೆರೆ ಆ ನೀರಿನೊಳಗೆ ಹೋಯಿತು. ಅಲ್ಲಿಯವರು ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಮುಳುಗಿದ್ದರಲ್ಲಿ ಅಜ್ಜಿಯ ಕಡೆಯ ನೆಂಟರ ಮನೆಯೂ ಒಂದಿತ್ತು. ನೀರು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಎರಡನ್ನೂ ಕಂಡವಳು ಅವಳು. ಹಡಗಿನ ಬಗ್ಗೆ ಅವಳಿಗೆ ಹೆದರಿಕೆ ಇರಲಿಲ್ಲ, ಉಡಾಫೆಯೂ ಇರಲಿಲ್ಲ. ಯಾಕೆ ಅಂತ ಈಗ ಅರ್ಥವಾಗುತ್ತದೆ.

ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳೆಲ್ಲ ಕೂಗುತ್ತಿದ್ದರು. ದೂಧಸಾಗರದಲ್ಲಿ ಬೇಸಿಗೆಯ ನೀರು ಸಣ್ಣಗೆ ಇಳಿಯುತ್ತಿತ್ತು. ವಾಸ್ಕೋದಲ್ಲಿ ಒಂದು ರಾತ್ರಿ ಕಳೆದೆವು. ಎಲ್ಲಿ ಮಲಗಿದ್ದೆವೋ ನೆನಪಿಲ್ಲ, ಸೊಳ್ಳೆ ಮಾತ್ರ ನೆನಪಿವೆ. ನಸುಕಿನಲ್ಲೇ ಬಸ್ಸು, ಕೋರ್ಟಾಲಿಮ್‌ನಲ್ಲಿ ಜುವಾರಿ ದಾಟಲು ಫೆರಿ. ಹೊಳೆಯ ನೀರು ನಾಲಿಗೆಗೆ ಉಪ್ಪಾದದ್ದು ಅಲ್ಲೇ. ತಮ್ಮ ಎರಡು ಸಲ ರುಚಿ ನೋಡಿ, ಯಾರು ಉಪ್ಪು ಹಾಕಿದರು ಅಂತ ಅಪ್ಪನನ್ನು ಕೇಳಿದ. ಭರತ ಇಳಿತ, ಅಳಿವೆ ಅಂತ ಅಪ್ಪ ಫೆರಿಯ ಮೇಲೆಯೇ ಪಾಠ ಶುರುಮಾಡಿದ.

ಪಣಜಿಯ ಧಕ್ಕೆಯಲ್ಲಿ, ಮಾಂಡವಿ ಹೊಳೆಯ ಮೇಲೆ, ಹಡಗು ನಿಂತಿತ್ತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜಿ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ನೀರಿಗೆ ಅರ್ಪಿಸಿದಳು, ಕೊಟ್ಟೂರಿನಿಂದ ತಂದ ತೆಂಗಿನಕಾಯಿ ಬಿಟ್ಟಳು. ಜನ ನುಗ್ಗಿದರು. ಅಂಬಿಗನ ಕಟ್ಟಳೆಯಂತೆ ನಾವು ಜೋಡಿ ಜೋಡಿಯಾಗಿ ಹತ್ತಿದೆವು. ಅವ್ವನ ಕೈಗೆ ತಮ್ಮ, ಅಜ್ಜಿಯ ಕೈಗೆ ತಂಗಿ, ಸಣ್ಣವ್ವನ ಸೊಂಟಕ್ಕೆ ಕೂಸು, ಅಪ್ಪನ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ನಾನು. ಹಾಜಿ ಅಜ್ಜ ಹೇಳಿದ ನಡುಮಧ್ಯದ ಜಾಗ ಹುಡುಕಿ, ಕಂಬಿಯಿಂದ ದೂರ, ಜಮಖಾನ ಹಾಸಿ ಮೇಲೆ ಕೌದಿ ಹಾಸಿದರು. ನಾಲ್ಕು ಮೂಲೆಗೆ ನಾಲ್ಕು ದೊಡ್ಡವರು, ನಡುವೆ ನಾವು. ಗಾಳಿಗೆ ಮುಖ ಒಡ್ಡಲು ಉಳಿದವರೆಲ್ಲ ಅಂಚಿಗೆ ಹೋದರು, ನಮ್ಮ ಜಾಗಕ್ಕೆ ಪೈಪೋಟಿಯೇ ಇರಲಿಲ್ಲ.

ಬಲಗಡೆ ಅಗುವಾದ ಕೋಟೆ ಹಿಂದೆ ಸರಿಯಿತು. ಹೊಳೆ ಮುಗಿಯಿತು. ಹಡಗು ಮೆಲ್ಲಗೆ ತೂಗಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ಮುಖ ಬಿಳಿಚಿಕೊಂಡು ಅಜ್ಜಿಯ ತೊಡೆಗೆ ಒರಗಿದ್ದು ಹರಿಗೋಲಿನಲ್ಲಿ ಕುಣಿದ ತಂಗಿ. ಅತ್ತಿದ್ದ ತಮ್ಮ ಮಂಡಕ್ಕಿ ತಿನ್ನುತ್ತಾ ಹಾಯಾಗಿದ್ದ. ಕೂಸಿಗಂತೂ ಏನೂ ಆಗಲಿಲ್ಲ. ಅದರ ಕಾರಣ ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಎರಡು ವರ್ಷದೊಳಗಿನ ಕೂಸುಗಳಿಗೆ ಪಯಣದ ವಾಂತಿ ಅಪರೂಪ, ಅಲ್ಲಿಂದ ಹನ್ನೆರಡರ ತನಕದ ಮಕ್ಕಳಿಗೇ ಹೆಚ್ಚು. ಕಿವಿಯೊಳಗಿನ ಸಮತೋಲದ ಅಂಗ ಮೈ ಅಲುಗುತ್ತಿದೆ ಅನ್ನುತ್ತದೆ, ಹತ್ತಿರದ ಟ್ರಂಕನ್ನೋ ಕೌದಿಯನ್ನೋ ನೋಡುತ್ತಿರುವ ಕಣ್ಣು ಇಲ್ಲ ಅನ್ನುತ್ತದೆ. ಆ ಜಗಳ ಹೊಟ್ಟೆಗೆ ಇಳಿಯುತ್ತದೆ. ದೂರದ ಗೆರೆ ನೋಡಿದರೆ ಎರಡಕ್ಕೂ ರಾಜಿಯಾಗುತ್ತದೆ. ಹಾಜಿ ಅಜ್ಜ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅಜ್ಜಿ ತಂಗಿಯನ್ನು ಎತ್ತಿ ಕೂರಿಸಿ, ಗದ್ದ ಹಿಡಿದು ಮುಖವನ್ನು ದೂರಕ್ಕೆ ತಿರುಗಿಸಿ, ಬಾಯಿಗೆ ಚಿಗಳಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳು ಅರ್ಧ ರೊಟ್ಟಿ ತಿಂದಳು.

ಹರಿಗೋಲಿನ ಪರೀಕ್ಷೆಯಲ್ಲಿ ಅಜ್ಜಿಯ ತೀರ್ಪು ತಿರುವುಮುರುವಾದರೂ ಕಲಿತ ಕಟ್ಟಳೆ ಮಾತ್ರ ಮಕ್ಕಳ ಮೈಗೆ ಹತ್ತಿತ್ತು. ಏಳಬೇಡ ಅಂದರೆ ಏಳುತ್ತಿರಲಿಲ್ಲ. ಕಂಬಿಯ ಹತ್ತಿರ ಹೋಗಬೇಕೆನಿಸಿದರೆ ನಾವೇ ಒಂದು ದೊಡ್ಡ ಕೈ ಹುಡುಕುತ್ತಿದ್ದೆವು. ಹೊಸ ಜಾಗದಲ್ಲಿ ಹೊಸ ಕಟ್ಟಳೆ ಹೇಳಿದರೆ ಮಕ್ಕಳ ಕಿವಿಗೆ ಬೀಳುವುದಿಲ್ಲ. ಕಣ್ಣು ನೂರು ಕಡೆ ಓಡುತ್ತಿರುತ್ತದೆ. ಊರ ಹತ್ತಿರದ ಹೊಳೆಯಲ್ಲಿ, ಗೊತ್ತಿದ್ದವರ ನಡುವೆ, ತಿಂಗಳುಗಟ್ಟಲೆ ಮೊದಲೇ ಕಲಿತದ್ದು ಸಮುದ್ರದ ನಡುವೆ ತಾನಾಗಿ ಕೆಲಸಕ್ಕೆ ಬಂತು.

ಇಳಿಹೊತ್ತಿನಲ್ಲಿ ಎಲ್ಲೋ ಹಡಗು ನಿಂತಿತು. ಊರ ಹೆಸರು ಮರೆತಿದೆ. ದಡದಿಂದ ದೋಣಿಗಳು ಬಂದು ಜನರನ್ನೂ ಮಾವಿನ ಪೆಟ್ಟಿಗೆಗಳನ್ನೂ ಹತ್ತಿಸಿದವು. ಡೆಕ್ಕೆಲ್ಲ ಹಣ್ಣಿನ ಘಮ. ಪಕ್ಕದಲ್ಲಿ ಹಾಸಿಕೊಂಡಿದ್ದ ಕೊಂಕಣಿ ಕುಟುಂಬದ ಮುದುಕಿ ನಮ್ಮ ಖಡಕ್ ರೊಟ್ಟಿ ಮುರಿಯುವ ಸದ್ದಿಗೆ ತಿರುಗಿ ನೋಡಿದಳು. ಅಜ್ಜಿ ಎರಡು ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಕೊಟ್ಟಳು, ಆಕೆ ಮಾವಿನಹಣ್ಣು ಕೊಟ್ಟಳು. ಹಡಗಿನ ಕ್ಯಾಂಟೀನಿನ ಮೀನಿನ ವಾಸನೆಗೆ ಬೆಳಗಿನಿಂದ ಮೂಗು ಮುಚ್ಚಿದ್ದ ಸಣ್ಣವ್ವ ಆಗಷ್ಟೇ ಹೊಟ್ಟೆತುಂಬ ತಿಂದಳು. ಕೂಸಿನ ಹಿಟ್ಟಿಗೆ ಬಿಸಿನೀರು ಕೊಟ್ಟವನು ಮಾತ್ರ ಅದೇ ಕ್ಯಾಂಟೀನಿನ ಹುಡುಗ. ಕಾಸು ತೆಗೆದುಕೊಳ್ಳಲಿಲ್ಲ.

ರಾತ್ರಿ ದೊಡ್ಡವರು ಪಾಳಿ ಹಾಕಿಕೊಂಡರು. ಒಬ್ಬರು ಎಚ್ಚರ, ಮೂವರು ನಿದ್ದೆ. ಮೊದಲ ಪಾಳಿ ಅಜ್ಜಿಯದು. ನಾನು ನಿದ್ದೆ ಬಾರದೆ ಹೊರಳುತ್ತಿದ್ದುದನ್ನು ಕಂಡು, "ಎದ್ದಿದ್ದೀ ಅಂದ್ರ ಸುಮ್ನ ಯಾಕ ಇರ್ತಿ, ತಂಗಿ ಕೈ ಹಿಡಕೊಂಡು ಕೂಡು, ಇದು ನಿನ್ನ ಪಾಳಿ," ಅಂದಳು. ಅಲ್ಲಿಯ ತನಕ ನಾನು ಕಾಯಿಸಿಕೊಳ್ಳುವವರ ಪಟ್ಟಿಯಲ್ಲಿದ್ದವನು. ಆ ಹೊತ್ತಿಗೆ ಕಾಯುವವರ ಕಡೆ ಬಂದೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಬಲಗಡೆ ದೂರದಲ್ಲಿ ಒಂದು ದೀಪಸ್ತಂಭ ಮಿನುಗಿ ಮಿನುಗಿ ಹಿಂದೆ ಹೋಯಿತು, ಆಮೇಲೆ ಇನ್ನೊಂದು ಬಂತು. ಅಜ್ಜಿ ನನ್ನ ಬೆನ್ನಿಗೆ ಕಂಬಳಿ ಹೊದಿಸಿದ್ದು ಗೊತ್ತು. ಆಕೆ ತನ್ನ ಪಾಳಿಯನ್ನು ಬಿಟ್ಟುಕೊಟ್ಟು ಮಲಗಿದಳೇ, ನನ್ನ ಜೊತೆ ಎಚ್ಚರವಾಗಿಯೇ ಇದ್ದಳೇ ಅನ್ನುವುದು ನನಗೆ ಗೊತ್ತಿಲ್ಲ. ಎಚ್ಚರವಾಗಿಯೇ ಇದ್ದಿರುತ್ತಾಳೆ. ಮಕ್ಕಳಿಗೆ ಜವಾಬ್ದಾರಿ ಕೊಡುವ ರೀತಿ ಅದೇ ಇರಬೇಕು.

ಬೆಳಗಾದಾಗ ಮುಂಬೈ. ಭಾವುಚಾ ಧಕ್ಕಾ ಅನ್ನುವ ಆ ಜಾಗದಲ್ಲಿ ಮೀನಿನ ಬುಟ್ಟಿಗಳು, ಕೂಗು, ಕೂಲಿಗಳು. ಹಡಗಿನ ಜನವೆಲ್ಲ ದಡದ ಕಡೆಯ ಅಂಚಿಗೆ ಒತ್ತಿ ನಿಂತರು. ನಮ್ಮ ಅಜ್ಜಿ ಕೌದಿಯ ಮೇಲಿಂದ ಏಳಲಿಲ್ಲ, ಯಾರನ್ನೂ ಏಳಗೊಡಲಿಲ್ಲ. "ಅಂಬಿಗ ಇನ್ನಾ ಹ್ಞೂಂ ಅಂದಿಲ್ಲ," ಅಂದಳು. ಜನ ಕರಗಿದ ಮೇಲೆ ನಾವು ಜೋಡಿ ಜೋಡಿಯಾಗಿ ಇಳಿದೆವು. ಕೆಳಗಿನ ಗದ್ದಲದಲ್ಲಿ ಸಣ್ಣಪ್ಪ ನಮ್ಮನ್ನು ಹೇಗೆ ಹುಡುಕುವುದು ಅಂತ ಒದ್ದಾಡುತ್ತಿದ್ದನಂತೆ. ಏಣಿಯ ಮೇಲೆ ಒಂದೇ ಕೆಂಪಿನ ನಾಲ್ಕು ಬಟ್ಟೆ ಸಾಲಾಗಿ ಕಂಡಾಗ ತನ್ನ ಅತ್ತಿಗೆಯ ಕೆಲಸ ಅಂತ ಗುರುತು ಹಿಡಿದ. ಓಡಿ ಬಂದವನು ಮೊದಲು ಎತ್ತಿಕೊಂಡದ್ದು ಕೂಸನ್ನು. ಅದು ಅಪ್ಪನನ್ನು ಗುರುತಿಸದೆ ಅತ್ತಿತು. ಸಂಜೆಯೊಳಗೆ ಅವನ ಹೆಗಲ ಮೇಲಿತ್ತು.

ಆ ಹಡಗುಗಳು ಈಗಿಲ್ಲ. ಮೊಘಲ್ ಲೈನ್ 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ನಿನಲ್ಲಿ ಸೇರಿಹೋಯಿತು. ಕೊಂಕಣದ ಜನರ ಹಡಗು ನಿಂತಿತು. 1995ರ ಹೊತ್ತಿಗೆ ಹಜ್ ಯಾತ್ರೆಯ ಹಡಗೂ ನಿಂತು ಎಲ್ಲರೂ ವಿಮಾನ ಹಿಡಿದರು. ಈಗ ಅದೇ ಮುಂಬೈ ಗೋವೆಯ ನೀರಿನ ಮೇಲೆ ಕ್ರೂಸ್ ಹಡಗುಗಳು ಓಡುತ್ತವೆ. ಈಜುಕೊಳ, ನಾಟಕಶಾಲೆ, ಮಕ್ಕಳ ಆಟದ ಕೋಣೆ ಎಲ್ಲ ಅದರಲ್ಲಿವೆಯಂತೆ. ಬೆಂಗಳೂರಿನಲ್ಲಿರುವ ಮಗ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದಾನೆ. ಐದು ವರ್ಷದ್ದೊಂದು, ಎರಡು ವರ್ಷದ್ದೊಂದು. ಯಾವ ಕೋಣೆ ತೆಗೆದುಕೊಳ್ಳಲಿ ಅಂತ ಫೋನಿನಲ್ಲಿ ಕೇಳಿದ. ನಡುಮಧ್ಯದ್ದು, ಸಾಧ್ಯವಾದಷ್ಟು ಕೆಳಗಿನ ಅಂತಸ್ತಿನದು ಅಂದೆ. ತಿಂಗಳು ಯಾವುದು ಅಂದ. ಮಳೆಗಾಲ ಬಿಟ್ಟು ಅಂದೆ. ನೀನೂ ಬರುತ್ತೀಯಾ ಅಂದ. ಎರಡು ಮಕ್ಕಳಿಗೆ ನೀವಿಬ್ಬರು ಲೆಕ್ಕಕ್ಕೆ ಸರಿಯಾಯಿತು, ಆದರೆ ಒಬ್ಬರು ನಿದ್ದೆ ಮಾಡಬೇಕಲ್ಲ, ಬರುತ್ತೇನೆ ಅಂದೆ.

ಟಿಕೆಟ್ ಆಮೇಲೆ ತೆಗೆಸೋಣ, ಮೊದಲು ಮಕ್ಕಳನ್ನು ನಾಲ್ಕು ದಿನ ಊರಿಗೆ ಕಳಿಸು ಅಂತಲೂ ಹೇಳಿದ್ದೇನೆ. ಹೊಳೆಗೆ ಕರೆದುಕೊಂಡು ಹೋಗುತ್ತೇನೆ. ನುರಿತ ಅಂಬಿಗನಿದ್ದು, ಮೈಗೆ ಲೈಫ್ ಜಾಕೆಟ್ ಕಟ್ಟಿದ ಮೇಲೆಯೇ ಹರಿಗೋಲು ಹತ್ತಿಸುವುದು. ಅಂಬಿಗ ಹ್ಞೂಂ ಅನ್ನುವ ತನಕ ಕೂತಿರುವುದನ್ನು ಅವು ಅಲ್ಲಿ ಕಲಿಯಲಿ. ಚಿಗಳಿಗೆ ಹುಣಸೆಹಣ್ಣು ಬಿಡಿಸಿ ಇಡಲು ಮನೆಯಲ್ಲಿ ಆಗಲೇ ಹೇಳಿಯಾಗಿದೆ.